ಮೂರನೆಯ ಪ್ಯಾರಾ

ಜನವರಿ 6, ಸೋಮವಾರ

‘ಅರ್ಜಿ ಹಾಕು’ ಅಂದುಬಿಟ್ಟರು, ನನ್ನ ಕ್ಯಾಪ್ಟನ್ ‘ಅರ್ಜಿ ಹಾಕು’ ಅಂದೇಬಿಟ್ಟರು! ಅದೂ ಹಲ್ಲುಜ್ಜುತ್ತ, ಬಾಯಿ ತುಂಬ ನೊರೆ ಇಟ್ಟುಕೊಂಡು, ಕನ್ನಡಿಯೊಳಗಿನಿಂದಲೇ ನನ್ನನ್ನು ನೋಡಿ. ವಾರವೆಲ್ಲ ನಾನು ಮನಸ್ಸಿನಲ್ಲೇ ವಾದ ಕಟ್ಟಿಕೊಂಡಿದ್ದೆ. ಅಂತರರಾಷ್ಟ್ರೀಯ ಕಾನೂನನ್ನೇ ಯಾಕೆ ಓದಬೇಕು, ರಾತ್ರಿಯಿಡೀ ರೈಲಿನಲ್ಲಿ ಹೋಗಬೇಕಾದ ಆ ವಿಶ್ವವಿದ್ಯಾಲಯವೇ ಯಾಕೆ, ಮದುವೆಯ ಉಡುಗೊರೆಗಳ ಕಾಗದವನ್ನೇ ಇನ್ನೂ ಪೂರ್ತಿ ಬಿಚ್ಚಿಲ್ಲ, ಈಗಲೇ ಯಾಕೆ. ಒಂದೂ ಬೇಕಾಗಲಿಲ್ಲ!

“ಎರಡು ವರ್ಷ ತಾನೆ? ಹೋಗಿ ಬಾ ಬ್ಯಾರಿಸ್ಟರ್. ಅಷ್ಟರಲ್ಲಿ ನಾನೇನು ಕರಗಿ ಹೋಗ್ತೀನಾ?”

ನೊರೆಯ ಸಮೇತ ಮುತ್ತು ಕೊಟ್ಟೆ. ಈ ದಿನಚರಿ ಯಾರ ಕೈಗೂ ಸಿಗಬಾರದು ದೇವರೇ.

ಕ್ಯಾಪ್ಟನ್ ಅಂದರೆ ನಿಜವಾದ ಕ್ಯಾಪ್ಟನ್ ಅಲ್ಲ. ಹಡಗಿನ ಏಜೆಂಟರ ಕಚೇರಿಯಲ್ಲಿ ಕೆಲಸ. ಬಂದರಿನ ಹೊರಗೆ ಲಂಗರು ಹಾಕಿದ ಹಡಗುಗಳಿಗೆ ಲಾಂಚಿನಲ್ಲಿ ಹೋಗಿ ಕಾಗದಪತ್ರ ಕೊಟ್ಟು ಬರುವುದು. ನಾನು ಒಬ್ಬ ವಕೀಲರ ಬಳಿ ಜೂನಿಯರ್. ಕ್ಯಾಪ್ಟನ್‌ರನ್ನು ನಾನು ಮೊದಲು ನೋಡಿದ್ದು ಅದೇ ಲಾಂಚಿನಲ್ಲಿ, ಕೇಸಿನ ಕೆಲಸಕ್ಕೆ ಒಂದು ಹಡಗಿಗೆ ಹೋಗುವಾಗ. ಅಲೆ ಏಳುತ್ತಿತ್ತು, ನಾನು ನೇರವಾಗಿ ಅವರ ಬೂಟಿನ ಮೇಲೆ ವಾಂತಿ ಮಾಡಿದೆ. “ಪರವಾಗಿಲ್ಲ, ಇನ್ನೊಂದು ಬೂಟೂ ಇದೆ” ಎಂದರು. ಅಲ್ಲಿಗೆ ನನ್ನ ಕತೆ ಮುಗಿಯಿತು!

ಓದಿದ್ದೆಲ್ಲ ಇಂಗ್ಲಿಷಿನಲ್ಲಿ. ಆದರೆ ಇಂಗ್ಲಿಷಿನಲ್ಲಿ ದಿನಚರಿ ಬರೆದರೆ ಯಾರಿಗೋ ಉತ್ತರ ಪತ್ರಿಕೆ ಬರೆದಂತಾಗುತ್ತದೆ. ಇದು ಮನೆಮಾತಿನಲ್ಲೇ ಇರಲಿ, ಕಾಗುಣಿತ ತಪ್ಪಿದರೂ ಸರಿ.

ಜನವರಿ 9, ಗುರುವಾರ

ಅತ್ತೆಗೆ ಹೇಳಿದೆವು. ಅತ್ತೆ ನಿವೃತ್ತ ಟೆಲಿಫೋನ್ ಆಪರೇಟರ್. ಇಡೀ ಊರಿನ ಮಾತು ಅವರ ಕಿವಿಯ ಮೂಲಕ ಹಾದುಹೋಗಿದೆಯಂತೆ, ಒಂದೂ ಬಾಯಿಂದ ಹೊರಬಂದಿಲ್ಲವಂತೆ. ಯಾರು ಏನು ಹೇಳಿದರೂ ತಿರುಗಿ ಓದುವ ಅಭ್ಯಾಸ ಮಾತ್ರ ಇನ್ನೂ ಹೋಗಿಲ್ಲ. ಬೆಳಿಗ್ಗೆ ನಾನು, “ಅತ್ತೆ, ಬರುವಾಗ ಬ್ರೆಡ್ಡು, ಎರಡು ಸೋಪು ತರ್ತೀನಿ” ಎಂದರೆ, “ಬ್ರೆಡ್ಡು ಒಂದು. ಸೋಪು ಎರಡು. ಸರೀನಾ?” ಎನ್ನುತ್ತಾರೆ. ಸರಿ ಎನ್ನುವವರೆಗೆ ಬಾಗಿಲು ಬಿಡುವುದಿಲ್ಲ!

ಇವತ್ತೂ ಹಾಗೆಯೇ. “ಸೊಸೆ ಅರ್ಜಿ ಹಾಕ್ತಾಳೆ. ಸಿಕ್ಕಿದರೆ ಎರಡು ವರ್ಷ ಹಾಸ್ಟೆಲ್. ಮಗ ಒಪ್ಪಿದಾನೆ. ಸರೀನಾ?”

“ಸರಿ ಅತ್ತೆ.”

“ಅವನ ಬಾಯಿಂದ ಕೇಳ್ಬೇಕು.”

“ಸರಿ ಅಮ್ಮಾ, ಸರಿ!” ಎಂದು ಅವರು ಒಳಗಿನಿಂದ ಕೂಗಿದರು. ನಗು ತಡೆಯಲಾಗಲಿಲ್ಲ.

ನಮ್ಮ ಮನೆ ಹಗ್ಗದ ಅಂಗಡಿಯ ಮೇಲಿನ ಎರಡು ಕೋಣೆ. ಎಲ್ಲ ಬಟ್ಟೆಗೂ ಡಾಂಬರಿನ ವಾಸನೆ. ಅಡುಗೆಮನೆಯ ಕಿಟಕಿಯಿಂದ ಸಮುದ್ರ ಕಾಣುತ್ತದೆ, ಸಮುದ್ರದಲ್ಲಿ ನಮ್ಮ ಹಡಗೂ ಕಾಣುತ್ತದೆ. ನಮ್ಮ ಮದುವೆ ಮಾಡಿಸಿದ ಹಡಗು! ಪಾಪ, ಅದಕ್ಕೆ ಯಾರೂ ಇಲ್ಲ. ಮಾಲೀಕ ಒಂದು ದೇಶದವನು, ಬಾವುಟ ಇನ್ನೊಂದು ದೇಶದ್ದು, ನಾವಿಕರು ಮತ್ತೊಂದು ದೇಶದವರು, ನಿಂತಿರುವುದು ನಮ್ಮ ನೀರಿನಲ್ಲಿ. ಮಾಲೀಕ ಕೈಬಿಟ್ಟ. ನಾವಿಕರನ್ನು ಊರಿಗೆ ಕಳಿಸಿದರು. ಆದರೆ ಹಡಗನ್ನು ಖಾಲಿ ಬಿಡಬಾರದು ಎಂಬುದು ಬಂದರಿನ ನಿಯಮ. ಯಾರಾದರೊಬ್ಬರು ಅದರ ಪಾಲಕ ಎಂದು ಸಹಿ ಹಾಕಿ, ಅದು ಮಾರಾಟವಾಗುವವರೆಗೆ ಅದರಲ್ಲೇ ಇರಬೇಕು. ಸಹಿ ಹಾಕಿದವನು ಆ ಹಡಗಿನ ಅಡುಗೆಯವನು. ಅವನನ್ನು ಬಿಡಿಸಲು ನನ್ನ ಸೀನಿಯರ್ ಕೇಸು ನಡೆಸುತ್ತಿದ್ದಾರೆ.

ಜನವರಿ 18, ಶನಿವಾರ

ಸೀನಿಯರ್ ಜೊತೆ ಹಡಗಿಗೆ ಹೋಗಿದ್ದೆ. ಅಡುಗೆಯವನು ಏಣಿಯ ಹತ್ತಿರವೇ ಕಾದು ನಿಂತಿದ್ದ, ಇಸ್ತ್ರಿ ಮಾಡಿದ ಅಂಗಿ. ಒಬ್ಬನೇ ಇರುವವನು ಯಾರಿಗಾಗಿ ಇಸ್ತ್ರಿ ಮಾಡುತ್ತಾನೋ. ಪೇಂಟಿನ ಡಬ್ಬದಲ್ಲಿ ಟೊಮೇಟೊ ಗಿಡ ಹಾಕಿದ್ದಾನೆ. ಒಲೆಯ ಮೇಲೆ ನಾನು ಒಳಗೆ ಕೂರಬಹುದಾದಷ್ಟು ದೊಡ್ಡ ಪಾತ್ರೆ.

“ಇಷ್ಟೊಂದು ಯಾಕೆ?” ಎಂದು ಕೇಳಿದೆ.

“ಒಬ್ಬನಿಗೆ ಬೇಯಿಸೋಕೆ ಕೈಗೆ ಬರಲ್ಲ ವಕೀಲಮ್ಮ” ಎಂದ, ಅವನಿಗೆ ಬರುವ ಮುರುಕು ಮಾತಿನಲ್ಲಿ. “ಉಳಿದದ್ದು ಮೀನಿಗೆ. ಮೀನುಗಳಿಗೆ ನನ್ನ ಮೇಲೆ ಬಹಳ ಪ್ರೀತಿ.”

ಅವನು ಸಹಿ ಹಾಕಿದ್ದು ಏನೆಂದು ತಿಳಿದೇ ಅಲ್ಲ. ಏಜೆಂಟರ ಕಡೆಯಿಂದ ಯಾರೋ ಬಂದು, ಇದು ಕುಡಿಯುವ ನೀರಿನ ರಸೀದಿ, ಸಹಿ ಹಾಕು ಎಂದರಂತೆ. ಬಂದವರ ಮುಖ ನೆನಪಿಲ್ಲವಂತೆ. ತುಂಬ ಬಿಸಿಲಿತ್ತು, ಅವತ್ತು ನೀರು ಬಂತಲ್ಲ ಎಂಬ ಖುಷಿಯಲ್ಲಿ ನೀರನ್ನೇ ನೋಡುತ್ತಿದ್ದನಂತೆ.

ಅರ್ಜಿಯ ಜೊತೆ ಉದ್ದೇಶ ಪತ್ರ ಬರೆಯಬೇಕು. ಈ ವಿಷಯವನ್ನೇ ಯಾಕೆ ಓದಬೇಕು, ಎರಡು ಪುಟದಲ್ಲಿ ಹೇಳಬೇಕು. ಲಾಂಚಿನಲ್ಲಿ ವಾಪಸ್ ಬರುವಾಗಲೇ ನನಗೆ ಹೊಳೆದುಬಿಟ್ಟಿತು. ಇವನ ಬಗ್ಗೆ ಬರೆಯುತ್ತೇನೆ! ಏಣಿ ಇಳಿಯುವ ಮೊದಲು ಅವನಿಗೇ ಹೇಳಿದ್ದರೆ ಚೆನ್ನಾಗಿತ್ತು ಅನ್ನಿಸಿ, ಲಾಂಚಿನಿಂದಲೇ ಕೂಗಿದೆ: “ನಿಮ್ಮ ಬಗ್ಗೆ ದೊಡ್ಡ ಶಾಲೆಗೆ ಬರೀತೀನಿ!” ಅವನು ಎರಡೂ ಕೈ ಎತ್ತಿ ಬೀಸಿದ. ಸೀನಿಯರ್ ತಲೆ ಚಚ್ಚಿಕೊಂಡರು. ಇವತ್ತು ವಾಂತಿ ಆಗಲಿಲ್ಲ!

ಜನವರಿ 21, ಮಂಗಳವಾರ

ಬರೆದೆ, ಬರೆದೆ, ಬರೆದೆ. ಮೊದಲೆರಡು ಪ್ಯಾರಾ ಎಲ್ಲರೂ ಬರೆಯುವಂಥದ್ದು. ಮೂರನೆಯದು ಅವನದು. ಪಾತ್ರೆ, ಟೊಮೇಟೊ, ನೀರಿನ ರಸೀದಿ ಎಂದು ಹೇಳಿ ಹಾಕಿಸಿದ ಸಹಿ. ನಾಲ್ಕು ದೇಶಗಳ ಕಾನೂನು ಸೇರಿಯೂ ಒಬ್ಬ ಮನುಷ್ಯನನ್ನು ದಡಕ್ಕೆ ತರಲು ಆಗದಿದ್ದರೆ ಆ ಕಾನೂನನ್ನು ನಾನು ಓದಲೇಬೇಕು ಎಂದು ಮುಗಿಸಿದೆ. ಬರೆಯುವಾಗ ಕಣ್ಣು ತುಂಬಿ ಬಂತು, ಅಹಂಕಾರಕ್ಕೋ ದುಃಖಕ್ಕೋ ಗೊತ್ತಿಲ್ಲ.

ಕಾಲೇಜಿನ ಕತ್ತರಿ ಮೇಡಂಗೆ ಕಳಿಸಿದೆ. ಶಿಫಾರಸು ಅವರೇ ಬರೆಯಬೇಕು. ನಮ್ಮ ಪ್ರಬಂಧಗಳನ್ನು ಅರ್ಧಕ್ಕರ್ಧ ಕತ್ತರಿಸಿ ಕೊಡುತ್ತಿದ್ದುದರಿಂದ ಆ ಹೆಸರು. ಒಂದೇ ಸಾಲಿನ ಉತ್ತರ ಬಂತು: ಏನನ್ನೂ ಮುಟ್ಟಬೇಡ. ಕತ್ತರಿ ಮೇಡಂ ಏನನ್ನೂ ಮುಟ್ಟಬೇಡ ಅಂದರು!!

ಜನವರಿ 25, ಶನಿವಾರ

ಇವತ್ತು ಕ್ಯಾಪ್ಟನ್‌ಗೆ ಓದಿ ಹೇಳಿದೆ. ಊಟದ ತಟ್ಟೆ ಮುಂದಿತ್ತು. ಮೂರನೆಯ ಪ್ಯಾರಾ ಬಂದಾಗ ಅವರ ಕೈ ನಿಂತಿತು.

“ಆ ಸಹಿ ಹಾಕಿಸಿದ್ದು ನಾನು” ಎಂದರು.

ತಮಾಷೆ ಎಂದುಕೊಂಡು ನಕ್ಕೆ. ಅವರು ನಗಲಿಲ್ಲ.

“ಮ್ಯಾನೇಜರ್ ಹೇಳಿದರು, ನೀರಿಂದು ಅಂತ ಹೇಳು, ಹಾಕ್ತಾನೆ ಅಂತ. ಪೆನ್ನೂ ನಂದೇ. ನೀನು ಆಗ ಸೀನಿಯರ್ ಹತ್ತಿರ ಸೇರಿರಲಿಲ್ಲ. ಆ ಹಡಗಲ್ಲಿ ಯಾರೋ ಒಬ್ಬ ಇರಲೇಬೇಕಿತ್ತು ಕಣೇ. ತಿಂಗಳಲ್ಲಿ ಮಾರಾಟ ಆಗತ್ತೆ ಅಂದಿದ್ದರು.”

“ಅವನಿಗೆ ನಿಮ್ಮ ಮುಖ ನೆನಪಿಲ್ಲ” ಎಂದೆ. ಯಾಕೆ ಅದನ್ನೇ ಹೇಳಿದೆನೋ.

“ಈ ಕಾಗದ ಯಾರ್ಯಾರು ಓದ್ತಾರೆ?”

“ಮೂರು ಜನ ಪ್ರೊಫೆಸರ್‌ಗಳು. ನಿಮ್ಮ ಹೆಸರೆಲ್ಲಿದೆ ಇದರಲ್ಲಿ?”

“ಇಲ್ಲ. ನೋಡು, ನಿನ್ನಿಷ್ಟ.” ತಟ್ಟೆ ಎತ್ತಿಕೊಂಡು ಹೋದರು. ಅನ್ನ ಹಾಗೇ ಇತ್ತು.

ನನ್ನಿಂದ ಏನೂ ಮುಚ್ಚಿಡಲಿಲ್ಲವಲ್ಲ! ಎಷ್ಟು ಜನ ಗಂಡಂದಿರು ಹೀಗೆ ಹೇಳಿಯಾರು? ಮ್ಯಾನೇಜರ್ ಹೇಳಿದ ಮೇಲೆ ಅವರಾದರೂ ಏನು ಮಾಡಬೇಕಿತ್ತು? ತಲೆ ನೇವರಿಸಿದೆ. ಮಗುವಿನ ಹಾಗೆ ಕಣ್ಣು ಮುಚ್ಚಿಕೊಂಡರು.

ಜನವರಿ 28, ಮಂಗಳವಾರ

ಮೂರನೆಯ ಪ್ಯಾರಾ ಅಳಿಸಿದೆ. ಅವರು ಅಳಿಸು ಅನ್ನಲಿಲ್ಲ, ಇದನ್ನು ಸ್ಪಷ್ಟವಾಗಿ ಬರೆದಿಡುತ್ತೇನೆ. ನನಗೇ ಅನ್ನಿಸಿತು. ಅದರ ಜಾಗದಲ್ಲಿ ವಿಶ್ವಶಾಂತಿಯ ಬಗ್ಗೆ ಬರೆದಿದ್ದೇನೆ. ಚೆನ್ನಾಗಿಯೇ ಇದೆ. ಅವರು ಓದಿ, “ನೋಡಿದ್ಯಾ, ಇದು ಎಷ್ಟು ವಿಶಾಲವಾಗಿದೆ” ಎಂದರು. ಬರುವಾಗ ನನಗೆ ಕ್ಲಿಪ್ಪು ತಂದಿದ್ದರು, ಚಿಟ್ಟೆಯ ಆಕಾರದ್ದು.

ಫೆಬ್ರವರಿ 3, ಸೋಮವಾರ

ಕತ್ತರಿ ಮೇಡಂ ಫೋನ್ ಮಾಡಿದರು.

“ಹಿಂದಿನ ಪ್ರತಿಯಲ್ಲಿ ಒಬ್ಬ ಅಡುಗೆಯವನಿದ್ದ. ಎಲ್ಲಿ ಹೋದ?”

“ಉದ್ದ ಆಯ್ತು ಅಂತ ತೆಗೆದೆ ಮೇಡಂ.”

“ಕೊಬ್ಬು ಕತ್ತರಿಸು ಅಂತ ಕಲಿಸಿದ್ದೆ ಕಣಮ್ಮ. ಎಲುಬು ಕತ್ತರಿಸು ಅಂದಿದ್ನಾ? ಇದರ ಮೇಲೆ ಯಾರ ಹೆಸರು ಬೇಕಾದರೂ ಬರೀಬಹುದು ಈಗ.”

“ಇದು ಹೆಚ್ಚು ವಿಶಾಲವಾಗಿದೆ ಮೇಡಂ.”

“ಶಿಫಾರಸು ಬರೀತೀನಿ. ನಿನ್ನ ನೋಡಿ ಬರೀತೀನಿ, ಈ ಕಾಗದ ನೋಡಿ ಅಲ್ಲ” ಎಂದು ಇಟ್ಟುಬಿಟ್ಟರು.

ಮೇಡಂಗೆ ಮದುವೆಯಾಗಿಲ್ಲ. ಅವರಿಗೆ ಇದೆಲ್ಲ ಹೇಗೆ ಅರ್ಥವಾಗಬೇಕು?

ಫೆಬ್ರವರಿ 5, ಬುಧವಾರ

ಅರ್ಜಿ ಕಳಿಸಿದೆ.

ಫೆಬ್ರವರಿ 12, ಬುಧವಾರ

ಅಡುಗೆಮನೆಯ ಕಿಟಕಿಗೆ ಪರದೆ ಬಂದಿದೆ! ಅವರೇ ಮೊಳೆ ಹೊಡೆದು ತೂಗುಹಾಕಿದರು, ಹಳದಿ ಹೂವಿನದು. ಬೆಳಗಿನ ಬಿಸಿಲು ನನ್ನ ಮುಖಕ್ಕೆ ಹೊಡೆಯುತ್ತದಂತೆ. ಮನೆಗೆ ಒಂದು ಕಳೆ ಬಂದಿದೆ.

ಅತ್ತೆ ಪರದೆಯನ್ನೇ ನೋಡಿ, “ಈ ಕಿಟಕಿಗೆ ಬಿಸಿಲು ಬರೋದು ಸಂಜೆ” ಎಂದರು. ಅಷ್ಟೇ.

ಫೆಬ್ರವರಿ 22, ಶನಿವಾರ

ಹಡಗಿಗೆ ಹೋಗಲೇಬೇಕಾಯಿತು. ಸೀನಿಯರ್‌ಗೆ ಸೊಂಟ ನೋವು, ನನ್ನನ್ನೊಬ್ಬಳನ್ನೇ ಕಳಿಸಿದರು. ಅಡುಗೆಯವನು ಈ ಸಲ ಏಣಿಯ ಹತ್ತಿರ ಇರಲಿಲ್ಲ. ಅಂಗಿ ಇಸ್ತ್ರಿ ಆಗಿರಲಿಲ್ಲ. ಡೀಸೆಲ್ ಕಡಿಮೆ ಬರುತ್ತಿದೆಯಂತೆ, ಸಂಜೆ ಒಂದು ದೀಪ ಮಾತ್ರ ಹಚ್ಚುತ್ತಾನಂತೆ. ಪಾತ್ರೆ ಬೋರಲು ಹಾಕಿತ್ತು.

“ಬರೆದ್ರಾ ವಕೀಲಮ್ಮ? ದೊಡ್ಡ ಶಾಲೆಗೆ?”

“ಬರೆದೆ.”

“ನನ್ನ ಟೊಮೇಟೊ ಬಗ್ಗೆ?”

“ಅದನ್ನೂ.”

ಆಗ ನಕ್ಕ. ಗಿಡದಲ್ಲಿ ಒಂದೇ ಒಂದು ಹಣ್ಣಾಗಿತ್ತು, ಗೋಲಿಯಷ್ಟು. ಕಿತ್ತು ಕೊಟ್ಟ. ಬೇಡ ಎಂದರೆ ಕೇಳಲಿಲ್ಲ. ಲಾಂಚಿನಲ್ಲಿ ಅದನ್ನು ಅಂಗೈಯಲ್ಲಿಟ್ಟುಕೊಂಡು ಬಂದೆ. ದಡಕ್ಕೆ ಬಂದ ಮೇಲೆ ಏನು ಮಾಡಬೇಕೆಂದು ತಿಳಿಯದೆ ತಿಂದೆ. ಹುಳಿ.

ಮಾರ್ಚ್ 4, ಮಂಗಳವಾರ

ಸೀನಿಯರ್ ಇವತ್ತು ಬಾಗಿಲು ಹಾಕಿ ಕೂರಿಸಿಕೊಂಡರು.

“ಕೇಸು ನಿಂತಿರೋದು ಒಂದೇ ಒಂದರ ಮೇಲಮ್ಮ. ನೀರಿನ ರಸೀದಿ ಅಂತ ಸುಳ್ಳು ಹೇಳಿ ಸಹಿ ಹಾಕಿಸಿದರು ಅಂತ ಏಜೆಂಟರ ಕಡೆಯವರೇ ಒಬ್ಬರು ಬಂದು ಹೇಳ್ಬೇಕು. ಹೇಳಿದರೆ ನ್ಯಾಯಾಧೀಶರು ಅವತ್ತೇ ಅವನನ್ನ ಬಿಡ್ತಾರೆ. ನಿಮ್ಮ ಮನೆಯವರು ಅಲ್ಲೇ ಅಲ್ವಾ? ಆ ಕಾಗದ ತಗೊಂಡು ಹೋದವರು ಯಾರು, ಸ್ವಲ್ಪ ಕೇಳಿ ನೋಡಿ. ಹೆಸರು ಸಾಕು. ಕರೆಸೋದು ನನಗೆ ಬಿಡಿ.”

“ಕೇಳ್ತೀನಿ ಸರ್.”

ಮನೆಗೆ ಬಂದು ಕೇಳಿದೆ. ಯಾರೆಂದು ಕೇಳುವುದೇನಿತ್ತು, ನೀವೇ ಹೇಳುತ್ತೀರಾ ಎಂದು ಕೇಳಿದೆ. ಅವರು ಸಾಕ್ಸ್ ಬಿಚ್ಚುತ್ತಿದ್ದರು.

“ಹೇಳಿದ ಮರುದಿನ ಕೆಲಸ ಇರಲ್ಲ. ನಿನಗೆ ಓದೋಕೆ ಹೋಗ್ಬೇಕು ತಾನೆ? ಯಾರ ಸಂಬಳದಲ್ಲಿ ಹೋಗ್ತೀಯ? ಅವನದ್ರಲ್ಲಾ?”

“ನಾನು ಸುಮ್ಮನೆ ಕೇಳಿದೆ.”

“ನಿನ್ನ ಓದಿಗೋಸ್ಕರವೇ ಸುಮ್ಮನಿದೀನಿ. ಅದಾದರೂ ಗೊತ್ತಿರಲಿ.”

ಹೌದು, ನನಗೋಸ್ಕರವೇ. ಹಾಗೆ ನೋಡಿದರೆ ಕಾನೂನೂ ನಮ್ಮ ಕಡೆಗಿದೆ. ಗಂಡ ಹೆಂಡತಿಗೆ ಹೇಳಿದ ಮಾತನ್ನು ಅವನ ಒಪ್ಪಿಗೆಯಿಲ್ಲದೆ ನ್ಯಾಯಾಲಯದಲ್ಲಿ ಹೇಳಿಸುವಂತಿಲ್ಲ. ಪರೀಕ್ಷೆಯಲ್ಲಿ ಈ ಪ್ರಶ್ನೆಗೆ ನನಗೆ ಪೂರ್ತಿ ಅಂಕ ಬಂದಿತ್ತು.

ಮಾರ್ಚ್ 5, ಬುಧವಾರ

ಸೀನಿಯರ್‌ಗೆ ಹೇಳಿದೆ: “ಯಾರೂಂತ ಗೊತ್ತಿಲ್ಲವಂತೆ ಸರ್.”

“ಪರವಾಗಿಲ್ಲಮ್ಮ, ಕೇಳಿದ್ರಲ್ಲ, ಅದೇ ದೊಡ್ಡದು” ಎಂದರು.

ಮಾರ್ಚ್ 14, ಶುಕ್ರವಾರ

ಸಂದರ್ಶನಕ್ಕೆ ಕರೆದಿದ್ದಾರೆ. ಇಪ್ಪತ್ತಾರಕ್ಕೆ.

ಅತ್ತೆಗೆ ಹೇಳಿದೆ. “ಸಂದರ್ಶನ. ಇಪ್ಪತ್ತಾರು. ಸರೀನಾ?” ಎಂದು ತಿರುಗಿ ಓದಿ, ಕನ್ನಡಕ ತೆಗೆದು, “ಸುದ್ದಿ ಒಳ್ಳೇದು. ದನಿ ಯಾಕೆ ಇಷ್ಟು ದೂರದಿಂದ ಬರ್ತಿದೆ? ಲೈನ್ ಸರಿ ಇಲ್ವಾ?” ಎಂದರು.

“ಶೀತ ಅತ್ತೆ.”

“ಶೀತ. ಸರಿ.”

ಮಾರ್ಚ್ 21, ಶುಕ್ರವಾರ

ಕೇಸು ಬಿದ್ದುಹೋಯಿತು. ಸಾಕ್ಷ್ಯ ಇಲ್ಲ. ಹಡಗು ಮಾರಾಟವಾಗುವವರೆಗೆ ಪಾಲಕ ಅಲ್ಲೇ ಇರತಕ್ಕದ್ದು. ಹೊಸ ಸಾಕ್ಷ್ಯ ಸಿಕ್ಕಿದರೆ ಮಾತ್ರ ಮತ್ತೆ ಬರಬಹುದು. ಸೀನಿಯರ್ ಮೆಟ್ಟಿಲ ಮೇಲೆ ಕುಳಿತು ಶೂ ಲೇಸು ಕಟ್ಟಿದರು, ಬಿಚ್ಚಿದರು, ಮತ್ತೆ ಕಟ್ಟಿದರು. ನಾನು ಫೈಲು ಹಿಡಿದುಕೊಂಡು ನಿಂತಿದ್ದೆ.

ಮಾರ್ಚ್ 22, ಶನಿವಾರ

ಸಂಜೆ ಪಾತ್ರೆ ತೊಳೆಯುವಾಗ ಪರದೆ ಸರಿಸಿದೆ. ಹಡಗು ಇದೆ. ದೀಪ ಇಲ್ಲ.

ಅವರನ್ನು ಕರೆದು ತೋರಿಸಿದೆ. “ಡೀಸೆಲ್ ಮುಗಿದಿರ್ಬೇಕು. ಸೋಮವಾರ ಕಳಿಸ್ತಾರೆ” ಎಂದು ಪರದೆ ಎಳೆದರು. ಅವರು ಒಳಗೆ ಹೋದ ಮೇಲೆ ನಾನು ಮತ್ತೆ ಸರಿಸಿದೆ. ಅಷ್ಟೇನೂ ದೂರವಿಲ್ಲ. ಲಾಂಚಿನಲ್ಲಿ ಒಂದು ಹಾಡು ಮುಗಿಯುವಷ್ಟು ಹೊತ್ತು.

ಸಂದರ್ಶನಕ್ಕೆ ಜೊತೆಗೆ ಬರುತ್ತೇನೆ ಎಂದಿದ್ದರು. ಈಗ ಆ ವಾರ ಹೊಸ ಹಡಗು ಬರುತ್ತದಂತೆ, ರಜೆ ಸಿಗುವುದಿಲ್ಲವಂತೆ. “ಬೇಜಾರಾ?” ಎಂದು ಕೇಳಿದರು. ಇಲ್ಲ ಎಂದೆ. ನಿಜವಾಗಿಯೂ ಬೇಜಾರಾಗಲಿಲ್ಲ, ವಿಚಿತ್ರ. ಮದುವೆಯಾದ ಹೊಸದರಲ್ಲಿ ಇವರು ಹಗ್ಗದ ಅಂಗಡಿಯವರೆಗೆ ಹೋಗಿ ಬಂದರೂ ನನಗೆ ಒಂಟಿ ಅನ್ನಿಸುತ್ತಿತ್ತು.

ಮಾರ್ಚ್ 26, ಬುಧವಾರ

ಸ್ಟೇಷನ್ನಿನ ಮಹಿಳೆಯರ ವಿಶ್ರಾಂತಿ ಕೋಣೆಯಲ್ಲಿ ಕುಳಿತು ಬರೆಯುತ್ತಿದ್ದೇನೆ. ಬೆಂಚು ತಣ್ಣಗಿದೆ. ಹೊರಗೆ ಯಾರದೋ ಮಗು ಒಂದೇ ಸಮನೆ ಅಳುತ್ತಿದೆ.

ಉದ್ದ ಮೇಜು, ಮೂವರು. ನಡುವೆ ಕೂತವರು ಬಿಳಿ ಕೂದಲಿನ ಮುಖ್ಯಸ್ಥೆ. ನನ್ನ ಕಾಗದ ತೆರೆದು, “ವಿಶ್ವಶಾಂತಿ ಅಂತ ಬರೆದಿದೀರಿ. ಬೆಳಿಗ್ಗೆಯಿಂದ ಒಂಬತ್ತು ಜನ ಇದನ್ನೇ ಹೇಳಿ ಹೋದರು. ನೀವು ಇದನ್ನ ಎಲ್ಲಿ ಕಂಡ್ರಿ?” ಎಂದರು.

ಉತ್ತರ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಬಾಯಿ ತೆರೆದರೆ ಬಂದದ್ದು ಪಾತ್ರೆ. ಒಬ್ಬನಿಗೆ ಬೇಯಿಸಲು ಬಾರದ ಮನುಷ್ಯ, ಮೀನು, ಪೇಂಟಿನ ಡಬ್ಬ, ನೀರಿನ ರಸೀದಿ, ನಂದಿದ ದೀಪ. ಎಷ್ಟು ಹೊತ್ತು ಮಾತಾಡಿದೆನೋ ತಿಳಿಯದು. ನಿಲ್ಲಿಸಿದಾಗ ಮೂವರೂ ಬರೆಯುವುದನ್ನು ಬಿಟ್ಟಿದ್ದರು.

ಮುಖ್ಯಸ್ಥೆ ಪುಟ ತಿರುಗಿಸಿದರು, ಮತ್ತೆ ತಿರುಗಿಸಿದರು. “ಇದು ಇಲ್ಲಿ ಯಾಕಿಲ್ಲ?”

“ಇತ್ತು. ಅಳಿಸಿದೆ.”

“ಯಾಕೆ?”

ಹದಿನೇಳು ವರ್ಷ ಇಂಗ್ಲಿಷಿನಲ್ಲಿ ಓದಿದ್ದೇನೆ. ಅದಕ್ಕೊಂದು ಮಾತು ಸಿಗಲಿಲ್ಲ.

ಅವರು ಕಾಗದವನ್ನು ಮೆಲ್ಲನೆ ಮಡಿಸಿದರು. “ಕಾಗದಕ್ಕೆ ಕೊಡೋ ಅಂಕ ಆಗಲೇ ಕೊಟ್ಟಾಗಿದೆ, ತುಂಬ ಕಡಿಮೆ. ಇಲ್ಲಿ ಹೇಳಿದ್ದಕ್ಕೆ ಎಷ್ಟು ಕೊಟ್ಟರೂ ಅದು ತುಂಬಲ್ಲ. ನಿಮ್ಮನ್ನ ಕಾಯಿಸೋದು ಬೇಡ, ಅದಕ್ಕೇ ಈಗಲೇ ಹೇಳ್ತಿದೀನಿ. ಮುಂದಿನ ವರ್ಷ ಬನ್ನಿ. ಅದನ್ನ ತಗೊಂಡು ಬನ್ನಿ.”

ಎದ್ದೆ. ಬಾಗಿಲ ಹತ್ತಿರ ಬಂದಾಗ, ಮೂವರಲ್ಲಿ ಇನ್ನೊಬ್ಬರು ಕೇಳಿದರು: “ಹಡಗಿಗೆ ಆ ರಸೀದಿ ಕಾಗದ ತಗೊಂಡು ಹೋಗಿದ್ದು ಯಾರು, ಕೊನೆಗೂ ಗೊತ್ತಾಯ್ತಾ?”

“ಗೊತ್ತು” ಎಂದೆ.

ಮೊದಲ ಸಲ ಆ ಮಾತು ಬಾಯಿಂದ ಹೊರಗೆ ಬಂತು. ಅವರಿಗೆ ಅದರಿಂದ ಏನೂ ಆಗಬೇಕಿರಲಿಲ್ಲ. ತಲೆಯಾಡಿಸಿ ಮುಂದಿನವರ ಕಾಗದ ಎತ್ತಿಕೊಂಡರು.

ಸೀಟು ಹೋಯಿತು. ಬರೆದು ನೋಡಿದೆ, ಇನ್ನೂ ಅಳು ಬಂದಿಲ್ಲ. ಹಸಿವಾಗುತ್ತಿದೆ, ಅದು ಮಾತ್ರ ಗೊತ್ತಾಗುತ್ತಿದೆ.

ಮನೆಗೆ ಫೋನ್ ಮಾಡಿದೆ. ಅವರು ಇನ್ನೂ ಬಂದಿರಲಿಲ್ಲ, ಅತ್ತೆ ಎತ್ತಿಕೊಂಡರು. ಸೀಟು ಸಿಗಲಿಲ್ಲ ಎಂದೆ. “ಸಿಗಲಿಲ್ಲ” ಎಂದು ತಿರುಗಿ ಓದಿದರು. ಸರೀನಾ ಎಂದು ಕೇಳಲಿಲ್ಲ.

“ಅತ್ತೆ, ಅವರಿಗೊಂದು ಸಂದೇಶ ಇದೆ.”

“ಪೆನ್ಸಿಲ್ ತಗೋತೀನಿ. ಹ್ಞಾಂ, ಹೇಳು.”

ಹೇಳಿದೆ. ಆ ಕಡೆ ಪೆನ್ಸಿಲ್ ಒಮ್ಮೆ ನಿಂತಿತು. ಯಾಕೆ, ಏನು ಎಂದು ಅವರು ಕೇಳಲಿಲ್ಲ. ಗಂಟಲು ಸರಿಮಾಡಿಕೊಂಡು, ಕೆಲಸದಲ್ಲಿದ್ದಾಗ ಹೀಗೇ ಇರುತ್ತಿತ್ತೇನೋ ಎನ್ನುವಂಥ ದನಿಯಲ್ಲಿ, ಒಂದೊಂದೇ ಮಾತು ಬಿಡಿಸಿ ಓದಿದರು.

“ಸ್ಟೇಷನ್ನಿನಿಂದ ಮನೆಗೆ ಬರಲ್ಲ. ನೇರ ಸೀನಿಯರ್ ಕಚೇರಿಗೆ ಹೋಗ್ತೀನಿ. ನೀರಿನ ರಸೀದಿ ಅಂತ ಸಹಿ ಹಾಕಿಸಿದವರ ಹೆಸರು ಹೇಳೋಕೆ. ನೀವೇ ಹೇಳೋದಾದರೆ ಪ್ಲಾಟ್‌ಫಾರಂಗೆ ಬನ್ನಿ, ಒಟ್ಟಿಗೆ ಹೋಗೋಣ. ಬರದಿದ್ದರೆ ನಾನೊಬ್ಬಳೇ ಹೋಗ್ತೀನಿ.” ಓದಿ ಮುಗಿಸಿ ಕೇಳಿದರು: “ಯಾವತ್ತು, ಯಾವ ಗಾಡಿ? ಅದು ಹೇಳಲಿಲ್ಲ ನೀನು.”

“ನಾಳೆ, ಗುರುವಾರ ಅತ್ತೆ. ಬೆಳಗಿನ ಪ್ಯಾಸೆಂಜರ್.”

“ಗುರುವಾರ. ಬೆಳಗಿನ ಪ್ಯಾಸೆಂಜರ್.”